ನಿಮ್ಮ ಕೊಳಗ ಎಷ್ಟು ದೊಡ್ಡದು?

ಹುಲಿಯನ್ನು ನೋಡಿ ನರಿ ಮೈಗೆ ಬರೆ ಎಳ್ಕೊಂಡಿತು ಅನ್ನೋ ಗಾದೆ ನಿಮಗೆಲ್ಲ ಗೊತ್ತು. ಇವತ್ತು ಆ ನರಿಯಿಂದಲೇ ಶುರು ಮಾಡೋಣ. ಈಗ ಎಲ್ಲರ ಬಾಯಲ್ಲೂ ಇರುವ ‘ಬ್ರ್ಯಾಂಡ್’ ಅನ್ನೋ ಪದ ಇದೆಯಲ್ಲ, ಅದರ ಮೂಲ ಅರ್ಥ ಸುಡುವುದು. ಕಾಯಿಸಿದ ಕಬ್ಬಿಣದಿಂದ ದನದ ಮೈಮೇಲೆ ಗುರುತು ಹಾಕುವುದು. ಈ ದನ ನಮ್ಮದು, ಆಚೆ ಮನೆಯದಲ್ಲ ಅಂತ ತೋರಿಸೋಕೆ. ಅಚ್ಚ ಕನ್ನಡದಲ್ಲಿ ಹೇಳೋದಾದ್ರೆ ಬ್ರ್ಯಾಂಡ್ ಅಂದ್ರೆ ಬರೆ!

ದನದ ಮೇಲಿನ ಬರೆ ಕಾಲಕ್ರಮೇಣ ಪೆಟ್ಟಿಗೆ, ಬಾಟಲಿ, ಸೋಪಿನ ಮೇಲೆ ಬಂತು. 1997ರಲ್ಲಿ ಅಮೆರಿಕದ ಟಾಮ್ ಪೀಟರ್ಸ್ ಅನ್ನೋ ಮ್ಯಾನೇಜ್‌ಮೆಂಟ್ ಲೇಖಕ ‘ಫಾಸ್ಟ್ ಕಂಪನಿ’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ನೀನೇ ಒಂದು ಬ್ರ್ಯಾಂಡ್, ನಿನ್ನನ್ನು ನೀನೇ ಮಾರ್ಕೆಟ್ ಮಾಡ್ಕೋಬೇಕು ಅನ್ನೋದು ಅದರ ಸಾರ. ಅಲ್ಲಿಂದ ಈ ಮಾತು ಊರೂರು ಸುತ್ತಿತು. ಈಗ ನಮ್ಮ ತಾಲೂಕು ಮಟ್ಟದ ಕಾಲೇಜುಗಳಿಗೂ ಬಂದಿದೆ. ಅದರ ಬಗ್ಗೆ ಭಾಷಣ ಮಾಡೋಕೆ ಕರೆದದ್ದು ಯಾರನ್ನ? ನನ್ನನ್ನ!

ತೀರ್ಥಹಳ್ಳಿ ತಾಲೂಕಿನ ಒಂದು ಕಾಲೇಜು. ಹೆಸರು ಬೇಡ. ಆಗಸ್ಟ್ ತಿಂಗಳು, ಹೊರಗೆ ಜಡಿಮಳೆ. ಒಳಗೆ ಕೊನೇ ವರ್ಷದ ಹುಡುಗ ಹುಡುಗಿಯರು. ವಿಷಯ: ಪರ್ಸನಲ್ ಬ್ರ್ಯಾಂಡಿಂಗ್. ನಾನು ಟಿವಿಯವನು, ಮಾತಿಗೆ ಬರವೇ? ಒಂದು ಗಂಟೆ ಮಾತಾಡಿದೆ. ಪ್ರೊಫೈಲ್ ಫೋಟೊ ಹೇಗಿರಬೇಕು, ಲಿಂಕ್ಡ್‌ಇನ್‌ನಲ್ಲಿ ಏನು ಬರೀಬೇಕು, ಕೈ ಹೇಗೆ ಕಟ್ಕೋಬೇಕು, ಕಣ್ಣು ಎಲ್ಲಿ ನೋಡ್ಬೇಕು. ಚಪ್ಪಾಳೆ ಬಂತು. ಕೊನೆಗೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು.

‘ಸರ್, ನೀವು ಹೇಳಿದ್ದೆಲ್ಲ ಸರಿ. ಆದ್ರೆ ನನ್ನ ಹತ್ರ ಹೇಳ್ಕೊಳ್ಳೋಕೆ ಏನೂ ಇಲ್ಲ. ಇಂಗ್ಲಿಷೂ ಅಷ್ಟಕ್ಕಷ್ಟೆ. ಬ್ರ್ಯಾಂಡ್ ಎಲ್ಲಿಂದ ತರ್ಲಿ?’

ಸಭೆ ನಕ್ಕಿತು. ನಾನೂ ನಕ್ಕೆ. ಕಾನ್ಫಿಡೆನ್ಸ್ ಇದ್ದರೆ ಎಲ್ಲ ಆಗುತ್ತಮ್ಮಾ ಅಂತ ಏನೋ ಹೇಳಿ ತಪ್ಪಿಸ್ಕೊಂಡೆ. ನಿಜ ಹೇಳ್ತೀನಿ, ಉತ್ತರ ನನ್ನ ಹತ್ರ ಇರಲಿಲ್ಲ. ಅವತ್ತು ಕೊಡದ ಉತ್ತರವನ್ನು ಇವತ್ತು ಕೊಡ್ತಿದ್ದೀನಿ.

ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಅದೇ ಹುಡುಗಿ ಜಗಲಿಯ ತುದಿಯಲ್ಲಿ ಫೋನಿನಲ್ಲಿದ್ದಳು. ‘ಚಾಕು ಅದ್ದಿ ನೋಡಿದ್ರಾ ಅಣ್ಣ? ಕೆಂಪು ಹತ್ತಿದ್ರೆ ಸುಣ್ಣ ಸಾಲ್ದು. ಇನ್ನಷ್ಟು ಹಾಕಿ. ಇವತ್ತು ಹೊಡೀಬೇಡಿ, ಹೊಳವಾಗ್ಲಿ.’ ನನಗೆ ಕುತೂಹಲ. ಏನಮ್ಮಾ ಇದು ಅಂದೆ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಹೊಡೆಯುವ ಬೋರ್ಡೋ ದ್ರಾವಣದ ವಿಷಯ ಅಂದಳು. ಮೈಲುತುತ್ತು, ಸುಣ್ಣ, ನೀರು. ಹದ ತಪ್ಪಿದರೆ ಔಷಧಿಯೇ ಗಿಡವನ್ನು ಸುಡುತ್ತೆ. ಅದಕ್ಕೆ ಕಬ್ಬಿಣದ ಚಾಕು ಅದ್ದಿ ನೋಡುವುದು. ಚಾಕಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಕಡಿಮೆಯಾಗಿದೆ ಅಂತ ಅರ್ಥ.

ಮನೆಯಲ್ಲಿ ಎರಡು ಎಕರೆ ತೋಟ. ಮೂರು ವರ್ಷದಿಂದ ಒಂದು ನೋಟ್‌ಬುಕ್ಕಿನಲ್ಲಿ ಯಾವತ್ತು ಔಷಧಿ ಹೊಡೆದದ್ದು, ಯಾವತ್ತು ಎಷ್ಟು ಮಳೆ, ಯಾವ ಸಾಲಿನಲ್ಲಿ ಕೊಳೆ ಬಂತು ಅಂತ ಬರೆದಿಟ್ಟಿದ್ದಾಳೆ. ಅಕ್ಕಪಕ್ಕದ ಹತ್ತಿಪ್ಪತ್ತು ಮನೆಯವರು ಔಷಧಿ ಹೊಡೆಯುವ ಮೊದಲು ಇವಳಿಗೆ ಫೋನ್ ಮಾಡ್ತಾರೆ. ಇಷ್ಟನ್ನೂ ಅವಳು ಹೇಳಿದ್ದು ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ದನಿಯಲ್ಲಿ.

ನಾನು ‘ಓಹ್, ಗುಡ್’ ಅಂದೆ. ಕಾರು ಹತ್ತಿದೆ.

ನನ್ನ ಪೆದ್ದುತನ ನೋಡಿ. ಹೇಳ್ಕೊಳ್ಳೋಕೆ ಏನೂ ಇಲ್ಲ ಅಂದವಳು ಎದುರಿಗೇ ನಿಂತು ಹೇಳ್ತಿದ್ದಾಳೆ, ನನಗೆ ಕೇಳಿಸಲೇ ಇಲ್ಲ. ಕೇಳಿಸಿದ್ದು ನಗರ ದಾಟಿದ ಮೇಲೆ.

ನಗರ ಅಂದ್ರೆ ಬೆಂಗಳೂರಲ್ಲ ಸ್ವಾಮಿ. ಹೊಸನಗರ ತಾಲೂಕಿನ ನಗರ. ಹಳೆಯ ಬಿದನೂರು, ಕೆಳದಿ ಅರಸರ ರಾಜಧಾನಿ. ತೀರ್ಥಹಳ್ಳಿಯಿಂದ ಸಾಗರಕ್ಕೆ ಈ ಕಡೆಯಿಂದ ಹೋದರೆ ರಸ್ತೆ ಪಕ್ಕದಲ್ಲೇ ಕೋಟೆ ಕಾಣುತ್ತೆ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಇಲ್ಲಿಯವನು. ಸುಮಾರು 360 ವರ್ಷ ಕಳೆದರೂ ಆ ಹೆಸರಿನ ಜೊತೆ ಒಂದು ಪದ ಅಂಟಿಕೊಂಡಿದೆ. ಏನದು? ಶಿಸ್ತು. ‘ಶಿವಪ್ಪ ನಾಯಕನ ಶಿಸ್ತು’. ಶಿಸ್ತು ಅಂದ್ರೆ ಇಲ್ಲಿ ಶಾಲೆಯ ಡಿಸಿಪ್ಲಿನ್ ಅಲ್ಲ, ಭೂಮಿಗೆ ಹಾಕಿದ ಕಂದಾಯದ ನಿಗದಿ. ಅದನ್ನು ಹೇಗೆ ಮಾಡಿದ ಅಂತ ಮೈಸೂರಿನ ಹಳೆಯ ಗೆಜೆಟಿಯರ್ ಹೇಳುತ್ತೆ. ಪ್ರತಿ ಊರಿನಲ್ಲೂ ಒಂದೊಂದು ಬಗೆಯ ಮಣ್ಣಿನ ಒಂದೊಂದು ಗದ್ದೆಯನ್ನು ತನ್ನ ಖರ್ಚಿನಲ್ಲೇ 12 ವರ್ಷ ಬೇಸಾಯ ಮಾಡಿಸಿದ. ಬೀಜ ಎಷ್ಟು, ಖರ್ಚು ಎಷ್ಟು, ಫಸಲು ಎಷ್ಟು ಎಲ್ಲವನ್ನೂ ಬರೆಸಿದ. ಸರಾಸರಿ ತೆಗೆದ. ಆಮೇಲೆ ಕಂದಾಯ ಗೊತ್ತು ಮಾಡಿದ.

ನಾನು ಎಂಜಿನಿಯರಿಂಗ್ ಓದಿದವನು. ನಮ್ಮ ಭಾಷೆಯಲ್ಲಿ ಇದನ್ನು ಟೆಸ್ಟಿಂಗ್ ಅಂತಾರೆ. ಮೊದಲು 12 ವರ್ಷದ ಲೆಕ್ಕ, ಆಮೇಲೆ ಘೋಷಣೆ. ನಾವೀಗ ಮಾಡೋದು? ಮೊದಲು ಘೋಷಣೆ, ಲೆಕ್ಕ ಕೇಳಿದರೆ ಸಿಟ್ಟು!

ಕೋಟೆಯ ಗೋಡೆ ನೋಡಿದಾಗ ಆ ಹುಡುಗಿಯ ನೋಟ್‌ಬುಕ್ ನೆನಪಾಯ್ತು. ಅವಳದ್ದು 12 ವರ್ಷ ಅಲ್ಲ, 3 ವರ್ಷ. ರಾಜ್ಯ ಅಲ್ಲ, ಎರಡು ಎಕರೆ. ಆದರೆ ಕೆಲಸ ಅದೇ. ಬರೆದಿಟ್ಟುಕೊಂಡು, ಸರಿಯೋ ತಪ್ಪೋ ನೋಡಿ, ಆಮೇಲೆ ಬಾಯಿ ಬಿಡೋದು. ಜನ ಅವಳಿಗೆ ಫೋನ್ ಮಾಡೋದು ಅದಕ್ಕೇ.

ಈಗ ಸಾಗರಕ್ಕೆ ಬನ್ನಿ. ಸಾಗರ ತಾಲೂಕಿನ ಕಾಗೋಡು. 1951ರ ಏಪ್ರಿಲ್ 18ರಂದು ಅಲ್ಲಿ ಗೇಣಿದಾರರ ಸತ್ಯಾಗ್ರಹ ಶುರುವಾಯ್ತು. ಎಚ್. ಗಣಪತಿಯಪ್ಪ ಸಂಘಟಿಸಿದ ರೈತರು, ಬಹುಪಾಲು ದೀವರ ಸಮುದಾಯದವರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಸಾಗರದಲ್ಲಿ ಬಂಧನವಾಯ್ತು. ದೇಶವೇ ಈ ಕಡೆ ತಿರುಗಿ ನೋಡಿತು. ಇಷ್ಟೆಲ್ಲ ಹೋರಾಟಕ್ಕೆ ಮೂಲವಾದ ವಸ್ತು ಯಾವುದು ಗೊತ್ತಾ? ಒಂದು ಕೊಳಗ.

ಇವತ್ತಿನ ಹುಡುಗರಿಗೆ ಕೊಳಗ ಗೊತ್ತಿಲ್ಲದಿರಬಹುದು. ಭತ್ತ ಅಳೆಯುವ ಪಾತ್ರೆ. ಗೇಣಿ ಇಂತಿಷ್ಟು ಕೊಳಗ ಅಂತ ಮಾತು. ಆದರೆ ಗೇಣಿ ಅಳೆದುಕೊಳ್ಳುವ ಧಣಿಯ ಕೊಳಗ ಊರಿನಲ್ಲಿ ನಡೆಯುವ ಅಳತೆಗಿಂತ ದೊಡ್ಡದು. ಲೆಕ್ಕದ ಪುಸ್ತಕದಲ್ಲಿ ಸಂಖ್ಯೆ ಸರಿಯಾಗಿಯೇ ಇರುತ್ತೆ, ರೈತನ ಕಣಜ ಮಾತ್ರ ಖಾಲಿಯಾಗುತ್ತೆ. ನ್ಯಾಯವಾದ ಕೊಳಗದಲ್ಲಿ ಅಳೀರಿ ಅಂತ ರೈತರು ಕೇಳಿದರು. ಅಲ್ಲಿಂದ ಬೆಂಕಿ ಹತ್ತಿತು.

ಆ ಕೊಳಗ ಹೋಯ್ತು ಅಂದ್ಕೋಬೇಡಿ. ಈಗ ನಮ್ಮ ಜೇಬಿನಲ್ಲಿದೆ. ಒಂದು ವಾರದ ತರಬೇತಿಗೆ ಹೋಗಿಬಂದವನು ‘ಎಕ್ಸ್‌ಪರ್ಟ್’. ನಾಲ್ಕು ಜನರ ಜೊತೆ ಸೇರಿ ಮಾಡಿದ ಪ್ರಾಜೆಕ್ಟ್ ‘ನನ್ನ ನೇತೃತ್ವದಲ್ಲಿ’. ನಮ್ಮ ವೃತ್ತಿಯವರೂ ಕಡಿಮೆಯಿಲ್ಲ. ಸಣ್ಣ ಗಾಳಿ ಬೀಸಿದರೆ ‘ಭೀಕರ ಬಿರುಗಾಳಿ’, ಇಬ್ಬರು ಜೋರಾಗಿ ಮಾತಾಡಿದರೆ ‘ಮಹಾ ಸಮರ’. ಭತ್ತ ಅಷ್ಟೇ ಇದೆ ಸ್ವಾಮಿ, ಕೊಳಗ ಹಿಗ್ಗಿದೆ.

ನಾನೂ ಹಿಗ್ಗಿದ ಕೊಳಗ ಹಿಡಿದು ನಿಂತವನೇ. ಕ್ಯಾಂಪಸ್ ಇಂಟರ್‌ವ್ಯೂಗೆ ಹೋದಾಗ ನನ್ನ ಬಯೋಡೇಟಾದಲ್ಲಿ ಮೂರು ಪ್ರೋಗ್ರಾಮಿಂಗ್ ಭಾಷೆಗಳ ಹೆಸರು ಬರೆದಿದ್ದೆ. ಗೊತ್ತಿದ್ದದ್ದು ಒಂದೂವರೆ. ಎದುರು ಕೂತಿದ್ದ ಹಿರಿಯರು ಮೂರನೆಯದನ್ನೇ ಕೇಳಿದರು. ಬೆವರಿದೆ. ಅವರು ಬೈಯಲಿಲ್ಲ. ಹಾಳೆ ಮಡಿಸಿ ಹೇಳಿದರು, ‘ಉಳಿದ ಎರಡು ನಿಜವಾಗ್ಲೂ ಬರಬಹುದು. ಈಗ ನಾನು ನಂಬೋದು ಹೇಗೆ?’ ಒಂದು ಸುಳ್ಳು ಪಕ್ಕದಲ್ಲಿದ್ದ ಸತ್ಯವನ್ನೂ ನುಂಗಿತ್ತು. ಆ ಕೆಲಸ ಸಿಗಲಿಲ್ಲ. ಸಿಗಬಾರದಿತ್ತು.

ಈ ಸಾಗರ-ಹೊಸನಗರ ಕ್ಷೇತ್ರದಿಂದ 1952ರ ಚುನಾವಣೆಗೆ ನಿಂತವರು ಶಾಂತವೇರಿ ಗೋಪಾಲಗೌಡರು. ತೀರ್ಥಹಳ್ಳಿ ತಾಲೂಕು ಆರಗದ ಹತ್ತಿರದ ಶಾಂತವೇರಿಯವರು. 1923ರಲ್ಲಿ ಹುಟ್ಟಿದವರು, ಅಂದರೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ನನಗಿಂತ ಚಿಕ್ಕ ವಯಸ್ಸು. ಸೋಷಲಿಸ್ಟ್ ಪಕ್ಷ, ಎದುರಿಗೆ ನೆಹರೂ ಕಾಲದ ಕಾಂಗ್ರೆಸ್. ದುಡ್ಡಿಲ್ಲ. ಆದರೂ ಗೆದ್ದರು. ಓಟಿನ ಜೊತೆ ಒಂದು ನೋಟೂ ಕೊಡಿ ಅಂತ ಮತದಾರರನ್ನೇ ಕೇಳಿ ಗೆದ್ದವರು ಅಂತ ಮಲೆನಾಡು ಅವರನ್ನು ಇವತ್ತಿಗೂ ನೆನೆಯುತ್ತೆ. ಓಟಿಗೆ ನೋಟು ಕೊಡುವ ನಮ್ಮ ಕಾಲದಲ್ಲಿ ಇದನ್ನು ಹೇಳಿದರೆ ಕಟ್ಟುಕತೆ ಅಂತಾರೆ.

ಈಗಿನ ಅಭ್ಯರ್ಥಿ ಮೊದಲು ಇಮೇಜ್ ಬಿಲ್ಡಿಂಗ್‌ಗೆ ಟೀಮ್ ಇಟ್ಟುಕೊಳ್ತಾರೆ. ಗದ್ದೆಗೆ ಇಳಿದ ಹಾಗೆ ಒಂದು ವಿಡಿಯೊ, ಅಜ್ಜಿ ಕಾಲಿಗೆ ಬಿದ್ದ ಹಾಗೆ ಇನ್ನೊಂದು, ಹಿನ್ನೆಲೆಗೆ ಕೊಳಲು. ಗೋಪಾಲಗೌಡರ ಪ್ರಚಾರ ಸಾಮಗ್ರಿ ಏನು? ಹಿಂದಿನ ವರ್ಷ ಕಾಗೋಡಿನಲ್ಲಿ ರೈತರ ಪಕ್ಕದಲ್ಲಿ ನಿಂತದ್ದು. ಅಷ್ಟೇ. ಕ್ಯಾಮೆರಾ ಇರಲಿಲ್ಲ, ಆದರೆ ನೋಡಿದವರಿದ್ದರು. ಅವರೇ ಮನೆಮನೆಗೆ ಹೋಗಿ ಹೇಳಿದರು.

ಗೋಪಾಲಗೌಡರು 1957ರಲ್ಲಿ ಸೋತರು. ಹೆಸರಿದ್ದವರು ಸೋಲಲ್ಲ ಅಂತ ನಾನು ಹೇಳ್ತಿಲ್ಲ. ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. 1972ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಎರಡೇ ವರ್ಷಕ್ಕೆ, 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಯು.ಆರ್. ಅನಂತಮೂರ್ತಿ ‘ಅವಸ್ಥೆ’ ಕಾದಂಬರಿ ಬರೆದಾಗ ನಾಯಕನ ಪಾತ್ರಕ್ಕೆ ಪ್ರೇರಣೆಯಾದದ್ದು ಇದೇ ಗೋಪಾಲಗೌಡರ ಬದುಕು. ಕ್ಷೇತ್ರಗಳ ಗಡಿ ಬದಲಾಗುತ್ತಲೇ ಇರುತ್ತೆ. 2008ರ ಪುನರ್‌ವಿಂಗಡಣೆಯಲ್ಲಿ ಹೊಸನಗರ ಅನ್ನೋ ವಿಧಾನಸಭಾ ಕ್ಷೇತ್ರವೇ ಇಲ್ಲವಾಯ್ತು, ಒಂದು ಭಾಗ ಸಾಗರಕ್ಕೆ, ಇನ್ನೊಂದು ತೀರ್ಥಹಳ್ಳಿಗೆ. ಕ್ಷೇತ್ರ ಅಳಿಸಿಹೋಯ್ತು, ಶಾಂತವೇರಿ ಅನ್ನೋ ಹೆಸರು ಅಳಿಸಿಲ್ಲ.

ಸರಿ. ಕೆಲಸ ಮಾಡಿದರೆ ಸಾಕು, ಹೇಳಿಕೊಳ್ಳೋದು ಬೇಡ ಅಂತೀರಾ? ಖಂಡಿತ ಅಲ್ಲ. ನಮ್ಮ ಮಲೆನಾಡಿನವರ ಇನ್ನೊಂದು ಕಾಯಿಲೆ ಅದು. ಸಂಕೋಚ. ‘ನಮ್ದೇನು ಬಿಡಿ ಮಾರಾಯ್ರೆ’ ಅನ್ನೋದು. ಆ ಹುಡುಗಿಗೆ ಇದ್ದದ್ದೂ ಅದೇ. ಕೊಳಗ ಹಿಗ್ಗಿಸೋದು ಎಷ್ಟು ತಪ್ಪೋ, ತುಂಬಿದ ಕೊಳಗವನ್ನು ಕಂಬಳಿ ಮುಚ್ಚಿ ಇಡೋದೂ ಅಷ್ಟೇ ತಪ್ಪು. ಕೆಲಸ ಕೊಡುವವನಿಗೆ ನಿಮ್ಮ ಮನೆಯ ಕಣಜ ಇಣುಕಿ ನೋಡೋಕೆ ಟೈಮ್ ಇಲ್ಲ.

ಹೇಳಿಕೊಳ್ಳುವುದನ್ನು ಎಲ್ಲಿಂದ ಕಲೀಬೇಕು? ಸಾಗರದ ಪಕ್ಕದ ಹೆಗ್ಗೋಡಿನಿಂದ. 1949ರಲ್ಲಿ ಆ ಹಳ್ಳಿಯಲ್ಲಿ ಒಂದು ನಾಟಕ ತಂಡ ಶುರುವಾಯ್ತು. ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ. ಎಷ್ಟು ಉದ್ದದ ಹೆಸರು! ಮೊದಲಕ್ಷರ ಕೂಡಿಸಿ ನೀನಾಸಂ ಅಂದರು. ಕೆ.ವಿ. ಸುಬ್ಬಣ್ಣ ಅದನ್ನು ಬೆಳೆಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಿಂದ ಊರೂರು ತಿರುಗುವ ‘ತಿರುಗಾಟ’. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಯಾವ ವಿಭಾಗದಲ್ಲಿ ಗೊತ್ತಾ? ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ. ಸಂವಹನ! ನಾವು ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿ ಫೀಸು ಕೊಟ್ಟು ಕಲಿಯೋ ಕಮ್ಯುನಿಕೇಷನ್‌ಗೆ ಏಷ್ಯಾದ ದೊಡ್ಡ ಪ್ರಶಸ್ತಿ ಬಂದದ್ದು ಅಡಿಕೆ ತೋಟದ ನಡುವಿನ ಹಳ್ಳಿಗೆ, ಕನ್ನಡದಲ್ಲಿ ಕೆಲಸ ಮಾಡಿದವರಿಗೆ.

ಹೆಗ್ಗೋಡಿನಲ್ಲಿ ಕಲಿತ ನಟರು ಇವತ್ತು ಸಿನಿಮಾದಲ್ಲಿದ್ದಾರೆ. ಅಚ್ಯುತ್ ಕುಮಾರ್ ಅಲ್ಲಿ ಕಲಿತವರು. ಮಂಡ್ಯ ಜಿಲ್ಲೆಯ ಸತೀಶ್ ಅಂತೂ ಕಲಿತ ಶಾಲೆಯನ್ನೇ ಹೆಸರಿಗೆ ಸೇರಿಸ್ಕೊಂಡರು, ಸತೀಶ್ ನೀನಾಸಂ. ಜನ ಊರಿನ ಹೆಸರು, ತಂದೆ ಹೆಸರು, ಜಾತಿ ಹೆಸರು ಇಟ್ಕೊಳ್ಳೋದು ನೋಡಿದ್ದೀವಿ. ಕಲಿತ ಜಾಗದ ಹೆಸರು ಇಟ್ಕೊಳ್ಳೋದು ಅಂದ್ರೆ ಬಹಿರಂಗವಾಗಿ ಒಂದು ಜವಾಬ್ದಾರಿ ಹೊತ್ತ ಹಾಗೆ. ನಟನೆ ಕೆಟ್ಟರೆ ಶಾಲೆಯ ಹೆಸರೂ ಕೆಡುತ್ತೆ.

ಇನ್ನು ಇಂಗ್ಲಿಷ್ ಅಷ್ಟಕ್ಕಷ್ಟೆ ಅಂದಳಲ್ಲ ಆ ಹುಡುಗಿ. ಅವಳ ತಾಲೂಕಿನ ಕುಪ್ಪಳಿಯ ಒಬ್ಬ ಹುಡುಗ ಮೈಸೂರಿಗೆ ಓದೋಕೆ ಹೋಗಿ ಇಂಗ್ಲಿಷಿನಲ್ಲೇ ಪದ್ಯ ಬರೀತಿದ್ದ. 1922ರಲ್ಲಿ ಪುಸ್ತಕವೂ ಬಂತು, ‘ಬಿಗಿನರ್ಸ್ ಮ್ಯೂಸ್’. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಆ ಪದ್ಯಗಳನ್ನು ತೋರಿಸಿದ. ನಿನ್ನ ಭಾಷೆಯಲ್ಲಿ ಬರೆಯಪ್ಪ ಅಂತ ಅವರು ಬುದ್ಧಿ ಹೇಳಿದರು. ಆ ಹುಡುಗ ಆಮೇಲೆ ‘ಕಿಶೋರಚಂದ್ರವಾಣಿ’ ಅಂತ ಕಾವ್ಯನಾಮ ಇಟ್ಕೊಂಡ, ಅದನ್ನೂ ಬಿಟ್ಟ, ಕುವೆಂಪು ಆದ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ. ಇಂಗ್ಲಿಷ್ ಬೇಡ ಅಂತ ಇದರ ಅರ್ಥ ಅಲ್ಲ. ಅದೇ ತಾಲೂಕಿನ ಮೇಳಿಗೆಯ ಅನಂತಮೂರ್ತಿ ಇಂಗ್ಲಿಷ್ ಪ್ರೊಫೆಸರ್. ಇಂಗ್ಲಿಷ್ ಕಲೀರಿ, ಚೆನ್ನಾಗಿ ಕಲೀರಿ. ಆದರೆ ನೀವು ಮಾಡಿದ್ದನ್ನು ಮೊದಲು ಕನ್ನಡದಲ್ಲಿ ಸರಿಯಾಗಿ ಹೇಳೋಕೆ ಬರಬೇಕು. ಕನ್ನಡದಲ್ಲೇ ಗೊಂದಲ ಇದ್ದರೆ ಇಂಗ್ಲಿಷಿಗೆ ಹೋಗೋದೂ ಗೊಂದಲವೇ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಅಲ್ಲಿ ಆಂಪ್ಲಿಫೈಯರ್ ಅಂತ ಒಂದು ಸಾಧನ. ಒಳಗೆ ಹೋದದ್ದನ್ನು ದೊಡ್ಡದು ಮಾಡಿ ಹೊರಗೆ ಕೊಡೋದು ಅದರ ಕೆಲಸ. ಒಳಗೆ ಸಂಗೀತ ಹೋದರೆ ದೊಡ್ಡ ಸಂಗೀತ, ಗೊರಗೊರ ಹೋದರೆ ದೊಡ್ಡ ಗೊರಗೊರ. ಸೋಷಿಯಲ್ ಮೀಡಿಯಾ, ಮೈಕು, ಈ ನನ್ನ ಸ್ಟುಡಿಯೊ ಎಲ್ಲವೂ ಆಂಪ್ಲಿಫೈಯರ್‌ಗಳೇ.

ಹಾಗಾದ್ರೆ ಆ ಹುಡುಗಿ ಏನು ಬರೀಬೇಕು? ನಾನು ಅವತ್ತು ಹೇಳಿಕೊಟ್ಟ ಪ್ರಕಾರ ಬರೆದರೆ ಹೀಗಾಗುತ್ತೆ: ‘ಕೃಷಿ ಕ್ಷೇತ್ರದಲ್ಲಿ ಅಪಾರ ಆಸಕ್ತಿ ಹೊಂದಿರುವ, ನಾಯಕತ್ವ ಗುಣವುಳ್ಳ, ಸದಾ ಕಲಿಯುವ ಹಂಬಲದ ಯುವತಿ.’ ಓದಿದಿರಾ? ಏನು ಗೊತ್ತಾಯ್ತು? ಏನೂ ಇಲ್ಲ. ಇದು ನರಿಯ ಬರೆ. ಈಗ ಇದನ್ನು ನೋಡಿ: ‘ನಮ್ಮ ಎರಡು ಎಕರೆ ಅಡಿಕೆ ತೋಟದಲ್ಲಿ ಮೂರು ವರ್ಷದಿಂದ ಮಳೆ, ಔಷಧಿ ಸಿಂಪಡಣೆ, ಕೊಳೆರೋಗ ಮೂರರ ದಾಖಲೆ ಇಟ್ಟಿದ್ದೇನೆ. ಸುತ್ತಲಿನ ಮನೆಯವರು ಔಷಧಿ ಹೊಡೆಯುವ ಮೊದಲು ನನ್ನನ್ನು ಕೇಳುತ್ತಾರೆ. ನೋಟ್‌ಬುಕ್ ತೋರಿಸಬಲ್ಲೆ. ಇದನ್ನು ಕಂಪ್ಯೂಟರಿನಲ್ಲಿ ಮಾಡುವುದನ್ನು ಈಗ ಕಲಿಯುತ್ತಿದ್ದೇನೆ.’ ಮೂರು ನಾಲ್ಕು ಸಾಲು. ಒಂದು ವಿಶೇಷಣವೂ ಇಲ್ಲ. ಇಂಟರ್‌ವ್ಯೂ ಮಾಡುವವನು ಕುರ್ಚಿ ಮುಂದಕ್ಕೆ ಎಳ್ಕೊಂಡು ‘ನೋಟ್‌ಬುಕ್ ಎಲ್ಲಿ?’ ಅಂತಾನೆ.

ಏನು ವ್ಯತ್ಯಾಸ? ಏನು ಮಾಡಿದೆ, ಯಾರಿಗಾಗಿ ಮಾಡಿದೆ, ಏನಾಯ್ತು, ಯಾರನ್ನು ಕೇಳಿದರೆ ಗೊತ್ತಾಗುತ್ತೆ. ಈ ನಾಲ್ಕಕ್ಕೆ ಉತ್ತರ ಇದ್ದರೆ ಅದು ಪರಿಚಯ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ, ಕಲೀತಿದ್ದೀನಿ ಅಂತ ಬರೆಯೋಕೂ ಹಿಂಜರೀಬೇಡಿ. ನನ್ನ ಮೂರನೇ ಪ್ರೋಗ್ರಾಮಿಂಗ್ ಭಾಷೆಯ ಕತೆ ನೆನಪಿರಲಿ. ಉಳಿದದ್ದು ಸಣ್ಣ ಸಣ್ಣ ಮರ್ಯಾದೆಗಳು. ಇ-ಮೇಲ್ ವಿಳಾಸ ತಮಾಷೆಯದ್ದಾಗಿರಬಾರದು. ಬಂದ ಪತ್ರಕ್ಕೆ ಎರಡು ದಿನದೊಳಗೆ ಉತ್ತರ ಕೊಡಿ, ಆಗಲ್ಲ ಅಂತಾದರೂ ಸರಿ. ಹನ್ನೊಂದು ಗಂಟೆ ಅಂದರೆ ಹನ್ನೊಂದಕ್ಕೆ ಐದು ನಿಮಿಷ ಮುಂಚೆ ಇರಿ. ಬೇರೆಯವರ ಕೆಲಸ ಇದ್ದರೆ ಅವರ ಹೆಸರು ಹೇಳಿ. ಮಲೆನಾಡಿನ ಒಳ್ಳೆ ಕೊನೆಗೌಡರಿಗೆ ವಿಸಿಟಿಂಗ್ ಕಾರ್ಡ್ ಇಲ್ಲ, ಆದರೆ ಸುಗ್ಗಿ ಶುರುವಾಗುವ ಮೊದಲೇ ಎಲ್ಲ ತೋಟದವರೂ ಅವರಿಗೆ ಹೇಳಿಟ್ಟಿರ್ತಾರೆ. ಯಾಕೆ? ಹೇಳಿದ ದಿನ ಬರ್ತಾರೆ, ಹಸಿಗೊನೆ ಹಾಳು ಮಾಡಲ್ಲ.

ತಪ್ಪಾದರೆ? ಆಗುತ್ತೆ. ಒಂದು ಮಳೆಗಾಲದ ಸಂಜೆ ನಾನು ಇದೇ ಕುರ್ಚಿಯಲ್ಲಿ ಕೂತು, ಮಲೆನಾಡಿನ ಒಂದು ಊರಿನ ಸಂಪರ್ಕ ಕಡಿತ ಅಂತ ದೊಡ್ಡ ದನಿಯಲ್ಲಿ ಓದಿದೆ. ಸೇತುವೆ ಮುಳುಗಿದ ವಿಡಿಯೊ ತೋರಿಸಿದೆವು. ಅರ್ಧ ಗಂಟೆಗೆ ವೀಕ್ಷಕರೊಬ್ಬರ ಫೋನ್: ‘ಇದು ಹೋದ್ವರ್ಷದ ವಿಡಿಯೊ. ನಾನೀಗ ಅದೇ ಸೇತುವೆ ಮೇಲೆ ನಿಂತಿದ್ದೀನಿ. ಬೆಂಗಳೂರಲ್ಲಿರೋ ಮಗಳು ಅಳ್ತಾ ಫೋನ್ ಮಾಡಿದ್ಳು.’ ನೋಡದೆ ಓದಿದ ತಪ್ಪು ನನ್ನದು. ಸುಮ್ಮನಿದ್ದರೆ ಮಾರನೇ ದಿನ ಎಲ್ಲ ಮರೀತಿದ್ದರು. ಆದರೆ ಆ ಮಗಳು ಮರೀತಾಳಾ? ಅವತ್ತು ರಾತ್ರಿಯೇ ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ದನಿಯಲ್ಲಿ ತಪ್ಪಾಯ್ತು ಅಂದೆ. ಚಾನೆಲ್‌ನ ಮರ್ಯಾದೆ ಹೋಗುತ್ತೆ ಅಂತ ಹೆದರಿದ್ದೆ. ಮಾರನೇ ದಿನ ಅವರೇ ಫೋನ್ ಮಾಡಿದರು. ಬೈಯೋಕೆ ಅಲ್ಲ, ನಿಜವಾಗಿ ಮುಳುಗಿದ್ದ ಇನ್ನೊಂದು ರಸ್ತೆಯ ಸುದ್ದಿ ಕೊಡೋಕೆ.

ನನ್ನ ಮುಖ ಊರ ತುಂಬ ಫ್ಲೆಕ್ಸ್‌ನಲ್ಲಿದೆ. ಅದು ಚಾನೆಲ್‌ನವರು ದುಡ್ಡು ಕೊಟ್ಟು ಹಾಕಿಸಿದ್ದು. ಮಳೆಗೆ ಬಣ್ಣ ಹೋಗುತ್ತೆ, ಗಾಳಿಗೆ ಹರಿಯುತ್ತೆ. ಆ ಫೋನ್ ಕರೆ ಮಾತ್ರ ದುಡ್ಡು ಕೊಟ್ಟರೆ ಸಿಗೋದಲ್ಲ.

ಆ ಹುಡುಗಿ ಈ ಕಾರ್ಯಕ್ರಮ ನೋಡ್ತಿದ್ದಾಳೋ ಇಲ್ವೋ ಗೊತ್ತಿಲ್ಲ. ನೋಡ್ತಿದ್ದರೆ, ತಂಗೀ, ಅವತ್ತು ‘ಓಹ್, ಗುಡ್’ ಅಂದು ಕಾರು ಹತ್ತಿದ್ದಕ್ಕೆ ಕ್ಷಮೆ ಇರಲಿ. ಬ್ರ್ಯಾಂಡ್ ಎಲ್ಲಿಂದ ತರ್ಲಿ ಅಂತ ಕೇಳಿದೆ. ಎಲ್ಲಿಂದಲೂ ತರಬೇಡ. ಆ ನೋಟ್‌ಬುಕ್ಕಿನ ರಟ್ಟಿನ ಮೇಲೆ ನಿನ್ನ ಹೆಸರು ಬರಿ. ಈ ವರ್ಷದ ಮಳೆಯ ಲೆಕ್ಕವನ್ನೂ ಬಿಡದೆ ಬರಿ. ಕೆಲಸಕ್ಕೆ ಹೋಗುವಾಗ ಅದನ್ನು ಕೈಯಲ್ಲಿ ಹಿಡ್ಕೊಂಡು ಹೋಗು.

ಉಳಿದವರು ನಾವೆಲ್ಲ, ನಾನೂ ಸೇರಿ, ಇವತ್ತು ಮಲಗುವ ಮೊದಲು ಒಂದು ಸಲ ನಮ್ಮ ನಮ್ಮ ಪ್ರೊಫೈಲ್ ತೆಗೆದು ಓದೋಣ. ಬೇರೆ ಯಾರದೋ ಅಂದ್ಕೊಂಡು ಓದೋಣ. ಆಮೇಲೆ ಚಾಕು ಅದ್ದೋಣ. ಕೆಂಪು ಹತ್ತಿದ ಸಾಲನ್ನು ಅಳಿಸೋಣ.